ಅದಲುಬದಲಾದ ಕನ್ನಡಕಗಳು

ಮಂಗಳವಾರ, ಮಧ್ಯಾಹ್ನ
ಅಂಗಡಿಯ ಹಿಂದಿನ ಕೋಣೆಯಿಂದ

ಚೋಟೂ,

ಅಕ್ಕನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ, ನನ್ನ ಹೊಟ್ಟೆಯೊಂದನ್ನು ಬಿಟ್ಟು. ಅದು ನಲವತ್ತನಾಲ್ಕು ದಿನದಿಂದ ಉರಿಯುತ್ತಿದೆ. ಔಷಧಿಯ ಹೆಸರು ಬರೆದು ಕಳಿಸಬೇಡ, ಇದು ಆ ಉರಿಯಲ್ಲ.

ಫೋನ್ ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ಫೋನಿನಲ್ಲಿ ನೀನು ಎರಡನೇ ಮಾತಿಗೇ ನಗಿಸಿಬಿಡುತ್ತೀಯ. ನಕ್ಕ ಮೇಲೆ ಜಗಳ ಆಡುವುದು ಹೇಗೆ? ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿನ್ನ ಕ್ವಿಜ್ ಕಾರ್ಯಕ್ರಮದ, ಶೂಟಿಂಗ್ ಮುಗಿದು ಇನ್ನೂ ಟಿ.ವಿ.ಯಲ್ಲಿ ಬಾರದ ಕಂತುಗಳಲ್ಲಿ ನನ್ನ ಯಾವ ಯಾವ ಕತೆಗಳನ್ನು ಹೇಳಿ ಮುಗಿಸಿದ್ದೀಯ ಎಂದು ಒಂದು ಪಟ್ಟಿ ಮಾಡಿ ಕೊರಿಯರಿನಲ್ಲಿ ಕಳಿಸು. ಯಾರು ಗೆದ್ದರು, ಯಾರು ಸೋತರು ಎಂದು ನಾನು ಕೇಳುತ್ತಿಲ್ಲ. ಬಾಯಿ ಬಿಡುವುದಿಲ್ಲವೆಂದು ಸಹಿ ಹಾಕಿ ಕೊಟ್ಟಿದ್ದೀಯ, ಗೊತ್ತು. ನನಗೆ ಬೇಕಾಗಿರುವುದು ಕತೆಗಳ ಪಟ್ಟಿ ಮಾತ್ರ. ಭಾನುವಾರದೊಳಗೆ ಕೈಸೇರಬೇಕು.

ಆ ಕ್ವಿಜ್‌ನಲ್ಲಿ ಜಾಹೀರಾತು ಬರುವ ಮುಂಚೆ ನಿರೂಪಕರು ಚಾಂಪಿಯನ್ನಿನ ಕಡೆ ತಿರುಗಿ, ನಿಮ್ಮ ಬದುಕಿನ ಒಂದು ಸ್ವಾರಸ್ಯದ ಘಟನೆ ಹೇಳಿ ಎನ್ನುತ್ತಾರಲ್ಲ, ಅದು ನಾಲ್ಕು ದಿನ ಗೆದ್ದು ಮನೆಗೆ ಹೋಗುವವರಿಗಾಗಿ ಮಾಡಿದ ಏರ್ಪಾಡು. ಹಿಂದಿನ ದಾಖಲೆಯೇ ಇಪ್ಪತ್ತಾರು ದಿನದ್ದು. ನಿನ್ನ ಹಾಗೆ ಜಪ್ಪಯ್ಯ ಅಂದರೂ ಕದಲದೆ ನಲವತ್ತನಾಲ್ಕು ದಿನ ಕೂತವರಿಗೆ ನಲವತ್ತನಾಲ್ಕು ಕತೆ ಬೇಕು. ಹದಿನೈದನೇ ದಿನಕ್ಕೆ ನಿನ್ನ ಸರಕು ಖಾಲಿಯಾಯಿತು. ನೀನು ಹುಟ್ಟಿದಾಗಿನಿಂದ ನೋಡಿದವಳು ನಾನು, ನನಗೆ ಗೊತ್ತಾಗದೇ ಇರುತ್ತದೆಯೇ? ಮೊದಲು ಪುಸ್ತಕ ಹಿಡಿದು ಮೂಲೆಯಲ್ಲಿ ಕೂತೆ, ಆಮೇಲೆ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಾ ಇನ್ನೊಂದು ಮೂಲೆಯಲ್ಲಿ ಕೂತೆ. ನಿನಗೆ ಏನಾದರೂ ಆಗಬೇಕಾದರೆ ನೀನು ಎದ್ದು ಹೊರಗೆ ಹೋಗಬೇಕಿತ್ತು. ಹದಿನಾರನೇ ದಿನ ಏನು ಹೇಳುತ್ತಾಳೋ ಪಾಪ ಎಂದು ಅಮ್ಮನ ಪಕ್ಕ ಕೂತು ನೋಡುತ್ತಿದ್ದೆ. ನೀನು ನನ್ನ ಸೈಕಲ್ ಕತೆಯನ್ನು ನಿನ್ನದೆಂದು ಎತ್ತಿಕೊಂಡು ಹೊರಟೆ.

ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲು ಬಾರದೆ ಕಟಿಂಗ್ ಶಾಪಿನೊಳಗೆ ನುಗ್ಗಿ, ಮುಂದಿನ ಹಲ್ಲು ಮುರಿದುಕೊಂಡು, ಅಲ್ಲಿದ್ದ ಖಾಲಿ ಕುರ್ಚಿಯಲ್ಲಿ ಹೋಗಿ ಬಿದ್ದವಳು ನಾನು. ಅಂಗಡಿಯವನು ಬಟ್ಟೆ ಹೊದಿಸಿ, ಎಷ್ಟು ಗಿಡ್ಡ ಮಾಡ್ಲಮ್ಮಾ ಅಂತ ಕೇಳಿದ ಎಂದು ನೀನು ಸೇರಿಸಿದೆ. ಅವನು ಪಾಪ ಹೆದರಿ ನೀರು ಕುಡಿಸಿದ, ಅಷ್ಟೇ. ಜನ ಬಿದ್ದು ಬಿದ್ದು ನಕ್ಕರು. ನೀನೂ ನಕ್ಕೆ. ಹಲ್ಲು ಮುರಿದ ಕತೆ ಹೇಳುತ್ತಿದ್ದವಳ ಬಾಯಲ್ಲಿ ಹಲ್ಲುಗಳು ಒಂದೂ ಊನವಿಲ್ಲದೆ ಫಳಫಳ ಹೊಳೆಯುತ್ತಿದ್ದವು. ಒಬ್ಬರಿಗಾದರೂ ಅನುಮಾನ ಬರಬಾರದೇ? ನಾನು ಬಾಯಿ ಅಗಲಿಸಿ ನನ್ನ ಮುರುಕು ಹಲ್ಲನ್ನು ಅಮ್ಮನಿಗೆ ತೋರಿಸಿದೆ. ಸುಮ್ನಿರೇ, ಅವಳು ಹೇಳಿದ್ರೇನು ನೀನು ಹೇಳಿದ್ರೇನು, ಎರಡೂ ನಮ್ಮನೇದೇ ತಾನೇ ಅಂದಳು.

ಆಮೇಲೆ ದಿನಕ್ಕೊಂದು ಶುರುವಾಯಿತು. ಹಲ್ಲಿನ ಡಾಕ್ಟರ ಜೊತೆ ನಾನು ಲಿಫ್ಟಿನಲ್ಲಿ ಮೂರು ಗಂಟೆ ಸಿಕ್ಕಿಕೊಂಡದ್ದು, ಗುರುತೇ ಇಲ್ಲದವರ ಗುಂಪು ಫೋಟೋದಲ್ಲಿ ಮನೆಮಗಳ ಹಾಗೆ ನಿಂತುಬಿಟ್ಟದ್ದು. ಇವನ್ನೆಲ್ಲ ಊಟಕ್ಕೆ ಕೂತಾಗ ನಿನಗೊಬ್ಬಳಿಗೇ ಹೇಳಿದ್ದೆ, ನಾಚಿಕೆಯಿಂದ, ತಗ್ಗಿದ ದನಿಯಲ್ಲಿ.

ಮೂವತ್ತೊಂದನೇ ದಿನ ನೀನು ಕನ್ನಡಕಕ್ಕೇ ಕೈಹಾಕಿದೆ. ಒಂದೇ ಥರದ ಫ್ರೇಮು ಆರಿಸಿದ್ದ ಸಂಗೀತದ ಮೇಷ್ಟ್ರ ಮತ್ತು ಗಡಿಯಾರ ರಿಪೇರಿಯವರ ಕನ್ನಡಕಗಳನ್ನು ನಾನು ಅದಲುಬದಲು ಮಾಡಿ ಕೊಟ್ಟದ್ದು, ತಿಂಗಳ ಮೇಲೆ ಇಬ್ಬರೂ ಬಂದು ಇಷ್ಟು ಚೆನ್ನಾಗಿ ಜನ್ಮದಲ್ಲಿ ಕಂಡಿರಲಿಲ್ಲ ಎಂದು ಹೊಗಳಿದ್ದು. ರಜೆಯಲ್ಲಿ ನೀನು ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾಗ ಹೀಗಾಯಿತು ಎಂದೆಯಲ್ಲ, ನೀನು ಅಂಗಡಿಗೆ ಬಂದದ್ದು ನನ್ನ ಊಟದ ಡಬ್ಬಿ ಕೊಡಲು ಮಾತ್ರ! ಅವತ್ತು ನನ್ನನ್ನು ಎಲ್ಲರೆದುರು ಬೈದವರು ನಮ್ಮ ಅಂಗಡಿಯ ಯಜಮಾನರು. ಈಗ ಅವರೇ ನಿನ್ನ ಫೋಟೋವನ್ನು ಅಂಗಡಿಯ ಗಾಜಿಗೆ ಅಂಟಿಸಿ, ಈ ಹುಡುಗೀನ ನಾನೇ ಬೈದಿದ್ದೆ ಕಣ್ರೀ ಎಂದು ಗಿರಾಕಿಗಳಿಗೆ ಹೇಳುತ್ತಾರೆ. ನನಗೆ ಬಿದ್ದ ಬೈಗುಳವನ್ನೂ ಬಿಡಲಿಲ್ಲವಲ್ಲೇ ನೀನು! ಹೋದ ವಾರ ಕನ್ನಡಕ ಮಾಡಿಸಲು ಬಂದ ಹೆಂಗಸೊಬ್ಬಳು ನನ್ನ ಕತೆಯನ್ನು ನನಗೇ ಹೇಳಿದಳು. ನಾನು ನಗಲಿಲ್ಲವೆಂದು, ಅರ್ಥವಾಗಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ ಬಿಡಿಸಿ ಹೇಳಿದಳು. ಅದು ನಾನೇ ಎಂದೆ. ಅವಳು ಅಡಿಯಿಂದ ಮುಡಿಯವರೆಗೆ ನೋಡಿ, ಒಡಹುಟ್ಟಿದವರ ಮೇಲೆ ಇಷ್ಟೊಂದು ಹೊಟ್ಟೆಕಿಚ್ಚು ಒಳ್ಳೇದಲ್ಲಮ್ಮ ಅಂದಳು.

ಹೊಟ್ಟೆಕಿಚ್ಚೇ ಸರಿ. ಇಲ್ಲ ಎನ್ನುವುದಿಲ್ಲ. ನಿನ್ನ ಉತ್ತರಗಳ ಮೇಲೂ ಇದೆ. ನೀನು ತಡವರಿಸಿ ನಾನು ಸೋಫಾದಲ್ಲೇ ಹೇಳಿಬಿಟ್ಟ ಉತ್ತರಗಳಿಗೆ ಹಳೆಯ ಕ್ಯಾಲೆಂಡರಿನ ಹಿಂದೆ ಗೀಟು ಹಾಕುತ್ತಾ ಬಂದಿದ್ದೇನೆ, ನಿನ್ನೆಗೆ ಎಪ್ಪತ್ತೊಂದು. ನಿನಗೆ ಬಂದು ನನಗೆ ಬಾರದವನ್ನು ಗುರುತು ಹಾಕಿಲ್ಲ. ಕ್ಯಾಲೆಂಡರಿನಲ್ಲಿ ಅಷ್ಟು ಜಾಗವಿಲ್ಲ.

ನಿನ್ನಿಂದ ಮುಚ್ಚಿಟ್ಟ ಒಂದು ಮಾತಿದೆ. ಆರು ವರ್ಷದ ಹಿಂದೆ, ನಿನಗಿಂತ ಮೊದಲು, ನಾನೇ ಅಲ್ಲವೇ ಆ ಕಾರ್ಯಕ್ರಮದ ಆಯ್ಕೆಗೆ ಹೊರಟದ್ದು? ಬಸ್ಸು ಕೆಟ್ಟು ಹೋಗಿ ತಲುಪಲಾಗಲಿಲ್ಲ ಎಂದು ಮನೆಯಲ್ಲಿ ಹೇಳಿದೆ. ಬಸ್ಸು ಕೆಟ್ಟಿರಲಿಲ್ಲ ಕಣೇ. ಐವತ್ತು ಪ್ರಶ್ನೆಗಳಲ್ಲಿ ನಲವತ್ತೊಂಬತ್ತು ಸರಿ ಮಾಡಿದ್ದೆ. ಆಮೇಲೆ ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ, ನಿಮ್ಮ ಬದುಕಿನ ಯಾವುದಾದರೂ ಸ್ವಾರಸ್ಯದ ಘಟನೆ ಹೇಳಿ ಎಂದರು. ನಾನು ಮೇಜಿನ ಮೇಲಿದ್ದ ಪೆನ್ನನ್ನು ನೋಡುತ್ತಾ ಕೂತೆ. ಅಂಥದ್ದೇನೂ ಆಗಿಲ್ಲ ಮೇಡಂ, ಕನ್ನಡಕದ ಅಂಗಡೀಲಿ ಕೆಲಸ ಮಾಡ್ತೀನಿ ಅಂದೆ. ಆಕೆ ಪರವಾಗಿಲ್ಲ ಎಂದು ನಕ್ಕು ಏನೋ ಬರೆದುಕೊಂಡಳು. ಅಲ್ಲಿಂದ ಕರೆ ಬರಲೇ ಇಲ್ಲ.

ಆ ಹೊತ್ತಿಗೆ ಸೈಕಲ್ಲು, ಲಿಫ್ಟು, ಕನ್ನಡಕ ಎಲ್ಲ ನಡೆದು ಹೋಗಿದ್ದವು. ನನ್ನ ಪಾಲಿಗೆ ಅವೆಲ್ಲ ಪೆದ್ದುತನಗಳು, ಯಾರಿಗೂ ತಿಳಿಯದಿದ್ದರೆ ಸಾಕು ಅನ್ನುವಂಥವು. ಅವನ್ನು ಅಷ್ಟು ದೀಪಗಳ ನಡುವೆ ನಿಂತು ಹೇಳಬಹುದು ಎಂದು ನಿನಗೆ ಹೊಳೆಯಿತು, ನನಗೆ ಹೊಳೆಯಲಿಲ್ಲ. ನನ್ನ ಬದುಕು ಸೊಗಸಾಗಿ ಕಂಡದ್ದು ನಿನ್ನ ಕಣ್ಣಿಗೆ. ದಾಖಲೆ, ಹೆಸರು ಎಲ್ಲ ಇರಲಿ ಬಿಡು, ನಿಜವಾಗಿ ನನಗೆ ಸಂಕಟ ಆಗುವುದು ಈ ಜಾಗದಲ್ಲಿ.

ಅಮ್ಮ ಚೆನ್ನಾಗಿದ್ದಾಳೆ. ಸಂಜೆ ಏಳಾಗುತ್ತಿದ್ದಂತೆ ಟಿ.ವಿ. ಮುಂದೆ ಕೂತು, ನಿನ್ನ ಕೈ ಗುಂಡಿಯ ಮೇಲೆ ಹೋದಾಗಲೆಲ್ಲ ತಾನೂ ಸೋಫಾದ ತೋಳು ಒತ್ತುತ್ತಾಳೆ. ಆ ಬಟ್ಟೆ ಸವೆದು ತೂತಾಗಿದೆ. ಪಟ್ಟಿ ಮರೆಯಬೇಡ.

ನಿನ್ನ,
ಮುರುಕು ಹಲ್ಲಿನ ಅಕ್ಕ

ಸಹಿ ಹಾಕಿದ ಮೇಲೆ ಬರೆದದ್ದು: ಪಟ್ಟಿ ಯಾಕೆ ಎಂದು ಕೇಳದೆ ಬಿಡುವವಳಲ್ಲ ನೀನು. ಈ ವರ್ಷ ಯಾರಿಗೂ ಹೇಳದೆ ನಾನು ಮತ್ತೆ ಅರ್ಜಿ ಹಾಕಿದ್ದೆ. ಮೊನ್ನೆ ಕಾರ್ಯಕ್ರಮದ ಕಚೇರಿಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಬರುವ ಸೋಮವಾರ ಸಂದರ್ಶನ. ನನ್ನ ತಂಗಿ ನಿಮ್ಮಲ್ಲೇ ಆಡ್ತಿದ್ದಾಳಲ್ಲ ಎಂದೆ. ಗೊತ್ತು, ಅವ್ರು ಆಡ್ತಿರೋವರೆಗೂ ಮನೆಯವರನ್ನ ಕರೆಯೋ ಹಾಗಿರ್ಲಿಲ್ಲ, ಈಗ ಬರಬಹುದು ಅಂದಳು. ಅಂದು ನಾಲಿಗೆ ಕಚ್ಚಿಕೊಂಡದ್ದು ನನಗೆ ಇಲ್ಲಿಗೇ ಗೊತ್ತಾಯಿತು. ಸೋತಿದ್ದೀಯ ಅಲ್ಲವೇನೇ? ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಗಬೇಕಿತ್ತು. ಅದರ ಬದಲು ಒಂದೇ ಲೆನ್ಸನ್ನು ಎರಡು ಸಲ ಉಜ್ಜಿ ಹಾಳು ಮಾಡಿ ಯಜಮಾನರಿಂದ ಬೈಸಿಕೊಂಡೆ. ಅಮ್ಮನಿಗೆ ಹೇಳಿಲ್ಲ. ಇವತ್ತೂ ಅವಳೇ ಗೆಲ್ಲೋದು ನೋಡ್ತಿರು ಎಂದು ಅಮ್ಮ ದಿನಾ ಅನ್ನುತ್ತಾಳೆ, ನಾನು ಹೂಂ ಅನ್ನುತ್ತೇನೆ. ಯಾವ ಪ್ರಶ್ನೆಗೆ ಸೋತೆ ಎಂದು ಬರೆಯಬೇಡ; ಉತ್ತರ ನನಗೆ ಗೊತ್ತಿದ್ದರೆ ಆ ದಿನ ನೋಡಲಾರೆ.

ಸೋಮವಾರ ಮತ್ತೆ ಅದೇ ಪುಟ್ಟ ಕೋಣೆ, ಅದೇ ಪ್ರಶ್ನೆ. ನೀನು ನನಗೆ ಒಂದು ಕತೆಯನ್ನೂ ಉಳಿಸಿಲ್ಲದಿದ್ದರೆ ಹೇಳಲು ಒಂದನ್ನು ಸಿದ್ಧ ಮಾಡಿಕೊಂಡಿದ್ದೇನೆ: ನನ್ನ ತಂಗಿ ನನ್ನ ಕತೆಗಳನ್ನೆಲ್ಲ ಕದ್ದು, ಯಾರೂ ಮಾಡದ ದಾಖಲೆ ಮಾಡಿದಳು ಎಂಬುದು. ಸಾಕ್ಷಿಗೆ ಹಲ್ಲು ತೋರಿಸುತ್ತೇನೆ. ಇದೊಂದನ್ನಾದರೂ ನನಗಿಂತ ಮೊದಲು ನೀನು ಹೇಳಿಬಿಡಬೇಡ.