ಕಲ್ಲಿನಲ್ಲೇ ಇದ್ದ ಬಾಗು

ಆರ್‌ಪಿಸಿ ಲೇಔಟ್
ಮಂಗಳವಾರ ಬೆಳಿಗ್ಗೆ

ಅಮ್ಮನಿಗೆ,

ಮುಖ ನೋಡಿ ಹೇಳಲಾಗದೆ ಇದನ್ನು ನಿನ್ನ ಮಾತ್ರೆ ಡಬ್ಬಿಯ ಕೆಳಗೆ ಇಟ್ಟು ಕೆಲಸಕ್ಕೆ ಹೋಗುತ್ತಿದ್ದೇನೆ.

ಸುಮಾರು ನಲವತ್ತು ಕೋಟಿ ವರ್ಷ ಹಳೆಯ, ಡೆವೋನಿಯನ್ ಕಾಲದ ಸುರುಳಿ ಚಿಪ್ಪಿನ ಪಳೆಯುಳಿಕೆಯ ಗೆರೆಗಳನ್ನು ನೋಡಿ ನನ್ನ ಪ್ರಬಂಧಕ್ಕೆ ಚಿತ್ರ ಬರೆದುಕೊಟ್ಟೆಯಲ್ಲ, ಅದರಲ್ಲಿ ಒಂದು ಗೆರೆ ಸ್ವಲ್ಪ ಬಾಗಿತ್ತು. “ಕೈ ನಡುಗಿದೆ ಕಣಮ್ಮ” ಎಂದು ನಾನೇ ಅಳಿಸಿ ನೇರ ಮಾಡಿದೆ. “ಕಲ್ಲಲ್ಲೇ ಹಂಗಿದೆ ಕಣೇ” ಅಂದೆ ನೀನು. ನಾನು ಕೇಳಲಿಲ್ಲ.

ನಿನ್ನೆ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಬಾಗು ಕಲ್ಲಿನಲ್ಲೇ ಇದೆ. ಇದನ್ನು ಹೊಸ ಪ್ರಭೇದ ಎನ್ನಲು ಅದೊಂದೇ ಆಧಾರ.

ಇನ್ನೊಮ್ಮೆ ಬರೆದುಕೊಡು. ಪೆನ್ಸಿಲ್ ಚೂಪು ಮಾಡಿಟ್ಟಿದ್ದೇನೆ. ರಬ್ಬರ್ ಇಟ್ಟಿಲ್ಲ.

ನಿನ್ನ ಕೈ ನಡುಗುತ್ತದೆಂದು ನಾನು ಬಾಗಿಲ ಮುಂದೆ ಅಂಟಿಸಿದ್ದ ರಂಗೋಲಿ ಸ್ಟಿಕ್ಕರನ್ನೂ ಈಗಷ್ಟೇ ಕಿತ್ತೆ. ನೆಲ ಸಾರಿಸಿದ್ದೇನೆ. ರಂಗೋಲಿ ಪುಡಿ ಹೊಸ್ತಿಲ ಪಕ್ಕದಲ್ಲಿದೆ.

ನಿನ್ನ ಮಗಳು,
ಸ್ಮೃತಿ