ಅವ್ವ ಇವತ್ತು ಜಗಳವಾಡಿದಳು

ಬಳಗಾನೂರು, ೧೯೫೭

ಬಸ್ಸಣ್ಣ,

ಈ ಜ್ವರ ಊರು ಬಿಡುವ ತನಕ ಮುದುಕರನ್ನು ಬೇರೆ ಇಡಿ ಎಂದು ಸಿಂಧನೂರಿನ ಡಾಕ್ಟರು ಹೇಳಿದ ಮೇಲೆ ಅವ್ವ ಹಿತ್ತಲ ಕೋಣೆಯಲ್ಲೇ ಇದ್ದಾಳೆ. ಊಟ, ಮಾತು ಎರಡೂ ಬಿಟ್ಟಿದ್ದಳು. ಇವತ್ತು ನಾನು, ಅವಳೊಡನೆ ಸದಾ ಜಗಳವಾಡುವ ಪಕ್ಕದ ಮನೆಯ ಆದಮ್ಮನ ಕಾಲು ಹಿಡಿದು, ಒಮ್ಮೆ ಜಗಳ ತೆಗೆ ಎಂದು ಬೇಡಿಕೊಂಡೆ. ಆಕೆ ಗೋಡೆಯಾಚೆಯಿಂದ ಕೂಗಿದಳು:

"ಏ ಗ್ಯಾನವ್ವ, ನಿನ್ನ ಕೋಳಿ ನನ್ನ ಜ್ವಾಳ ತಿಂದಾವ ನೋಡಬೇ!"

"ನನ್ನ ಕೋಳಿ ಮ್ಯಾಲ ಸುಳ್ಳು ಹೇಳಬ್ಯಾಡ!" ಅವ್ವ ಎದ್ದು ಕಿಟಕಿಗೆ ಬಂದಳು.

ಸಂಜೆ ತನಕ ಬೈದಾಡಿದರು. ಇಬ್ಬರ ಮುಖವೂ ಅರಳಿತ್ತು. ಆಮೇಲೆ ಅವ್ವ ತಾನೇ ರೊಟ್ಟಿ ಕೇಳಿ ತಿಂದಳು.

"ಬಸ್ಸಪ್ಪನ್ನ ಕರಿ, ಆಕಿಗಿ ಬುದ್ಧಿ ಹೇಳಲಿ" ಎಂದಳು.

ನೀನು ಕಾಲುವೆ ಕೆಲಸಕ್ಕೆ ಹೋಗಿದ್ದೀಯ ಎಂದೆ, ಅಣ್ಣ. ಇದೇ ಜ್ವರದಲ್ಲಿ ತೀರಿಹೋದ ನಿನ್ನನ್ನು ಮಣ್ಣು ಮಾಡಿ ಬಂದ ದಿನವೂ ಅದನ್ನೇ ಹೇಳಿದ್ದೆ. ಅವಳು ಇನ್ನಷ್ಟು ದಿನ ಉಣ್ಣಲಿ. ಆಮೇಲೆ ಹೇಳುತ್ತೇನೆ.

ನಿನ್ನ ತಮ್ಮ,
ವೆಂಕೋಬ