ಜಾಡಿಯಲ್ಲಿಟ್ಟ ಬೇರು

ಬೋವೆನ್
ಭಾನುವಾರ, ಮಾರ್ಚ್ 9

ಪ್ರೀತಿಯ ಕೀರನ್,

ಹೇಗಿದ್ದೀಯ? ದೇಶದ ಆ ತುದಿಯ ಕರಾಥಾದಲ್ಲಿ ಮಾರ್ಚ್ ಬಂದರೂ ಬಿಸಿಲು ನಲವತ್ತು ಡಿಗ್ರಿಯಿಂದ ಇಳಿದಿಲ್ಲವಂತೆ. ಗಣಿಯವರು ಕೊಡುವ ಹೆಲ್ಮೆಟ್ ತಲೆಯನ್ನು ಕಾಯುತ್ತದೆ, ಕಿವಿಯನ್ನಲ್ಲ. ಬೆನ್ನುನೋವು ಕಡಿಮೆಯಾಯಿತೇ? ರಾತ್ರಿ ಪಾಳಿಯ ಮೇಲೆ ರಾತ್ರಿ ಪಾಳಿ ಮಾಡುವ ಚಟ ಬಿಟ್ಟೆಯಾ? ನಾನು ನಿನ್ನ ಅಕ್ಕ, ಇಷ್ಟು ಸಿಟ್ಟಿನಲ್ಲೂ ಮೊದಲು ಇದನ್ನೇ ಕೇಳುತ್ತೇನೆ.

ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಊಟ ಮಾಡುತ್ತಾಳೆ, ಮಾವಿನ ಮರಕ್ಕೆ ನೀರು ಬಿಡುತ್ತಾಳೆ, ನಾಯಿಯನ್ನು ಬೈಯುತ್ತಾಳೆ. ಈಜುಕೊಳಕ್ಕೆ ಮಾತ್ರ ಹೋಗುವುದಿಲ್ಲ. ಮೂವತ್ತೊಂದು ವರ್ಷ ಈ ಊರಿನ ಅರ್ಧ ಮಕ್ಕಳಿಗೆ ಈಜು ಕಲಿಸಿದವಳು. 'ಮೂಗು ನೀರೊಳಗೆ, ಗುಳ್ಳೆ ಬಿಡು ಬಂಗಾರ' ಎನ್ನುತ್ತಿದ್ದವಳು. ಈಗ ಮನೆಯೊಳಗೂ ಅಗಲ ಅಂಚಿನ ಟೋಪಿ ಹಾಕಿಕೊಂಡೇ ಚಹಾ ಕುಡಿಯುತ್ತಾಳೆ. ಮೂಗಿನ ಬಲಭಾಗವನ್ನು ತೆಗೆದು, ಹಣೆಯ ಚರ್ಮವನ್ನು ಕೆಳಗೆ ತಿರುಗಿಸಿ ಹೊಲಿದಿದ್ದಾರೆ. ಮೂರು ವಾರ ಆ ಚರ್ಮ ಹುಬ್ಬಿನಿಂದ ಮೂಗಿಗೆ ಸೊಂಡಿಲಿನ ಹಾಗೆ ನೇತಾಡುತ್ತಿತ್ತು. ನೀನು ಅದನ್ನು ನೋಡಲಿಲ್ಲ. ಟೌನ್ಸ್‌ವಿಲ್ ಆಸ್ಪತ್ರೆಗೆ ಹೂವು ಕಳಿಸಿದೆ, ಒಳ್ಳೆಯ ಹೂವು.

ಮೂರು ವರ್ಷದ ಹಿಂದೆ ಅವಳ ಮೂಗಿನ ಹೊಳ್ಳೆಯ ಅಂಚಿನಲ್ಲಿ ಮುತ್ತಿನಂಥ ಚುಕ್ಕೆ ಕಂಡವಳು ನಾನೇ. ಚರ್ಮದ ಕ್ಲಿನಿಕ್ಕಿನಲ್ಲಿ ಹದಿನಾಲ್ಕು ವರ್ಷ ನರ್ಸಾಗಿದ್ದವಳಿಗೆ ಅಷ್ಟೂ ಕಾಣದಿದ್ದರೆ ಹೇಗೆ? ನಮ್ಮ ಕ್ಲಿನಿಕ್ಕಿನ ಡಾಕ್ಟರ್ ವಿಜೆಸಿಂಘೆ ಒಂದು ತುಣುಕು ತೆಗೆದು ಪರೀಕ್ಷೆಗೆ ಕಳಿಸಿ, ಚರ್ಮದ ಕ್ಯಾನ್ಸರ್ ಎಂದು ವರದಿ ಬಂದ ಮೇಲೆ ಅಮ್ಮನನ್ನು ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದರು. ಬೆನ್ನಿನ ಮೇಲೆ ತೆಳ್ಳಗೆ ಹರಡಿದ್ದಾಗಿದ್ದರೆ ಆರು ವಾರ ಮುಲಾಮು ಹಚ್ಚಬಹುದಿತ್ತು, ಕೆರೆದು ಸುಡಬಹುದಿತ್ತು, ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಬಹುದಿತ್ತು. ಇದು ಮೂಗು, ಇದರ ಬೆರಳುಗಳು ಕೆಳಗಿಳಿದಿವೆ, ಪದರ ಪದರವಾಗಿ ಕತ್ತರಿಸಿ ಪ್ರತಿ ಪದರವನ್ನೂ ಅಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಸರಿ. ಕತ್ತಿ ಬೇಡವೆಂದರೆ ವಿಕಿರಣವಿದೆ ಎಂದರು. ಅಮ್ಮ ಕತ್ತಿಗೆ ಒಪ್ಪಿ ದಿನ ಗೊತ್ತು ಮಾಡಿಕೊಂಡು ಬಂದಳು.

ಆ ವಾರವೇ ನೀನು, ಕ್ಯಾನ್ಸರನ್ನು ಬೇರು ಸಮೇತ ಎಳೆದುಹಾಕುತ್ತದೆಂಬ ನಾಟಿ ಕಪ್ಪು ಮುಲಾಮಿನ ಡಬ್ಬಿ ಹಿಡಿದು ಬಂದೆ. 'ಕತ್ರಿ ಹಿಡ್ದೋರಿಗೆ ಕತ್ತರ್ಸೋದು ಬಿಟ್ರೆ ಇನ್ನೇನ್ ಗೊತ್ತು, ನರೆಲ್? ನಿಮ್ಮ ಕ್ಲಿನಿಕ್ ನಡೀಬೇಕಲ್ಲ' ಎಂದೆ. ಅಜ್ಜಿ ಹಿತ್ತಲಿನ ಹಾಲುಗಿಡದ ಹಾಲನ್ನು ಎಲ್ಲರ ಮುಖದ ಚುಕ್ಕೆಗೂ ಹಚ್ಚುತ್ತಿದ್ದಳಲ್ಲ, ಅಮ್ಮನಿಗೆ ನಿನ್ನ ಮಾತು ನಮ್ಮ ಮನೆಯದೇ ಮಾತಾಗಿ ಕೇಳಿಸಿತು. ಕತ್ತಿಯ ದಿನವನ್ನು ರದ್ದು ಮಾಡಿ ಆ ಮುಲಾಮು ಹಚ್ಚಿಕೊಂಡಳು. ಹನ್ನೊಂದು ದಿನಕ್ಕೆ ಕರಿಯ ಹೆಕ್ಕಳೆ ಕಳಚಿ ಬಿತ್ತು. ನೀನು ಅದನ್ನು ಸ್ಪಿರಿಟ್ಟಿನ ಜಾಡಿಗೆ ಹಾಕಿ, ಊರವರೆಲ್ಲ ಚೆಂಡಾಟಕ್ಕೆ ಸೇರುವ ಬೌಲ್ಸ್ ಕ್ಲಬ್ಬಿನ ಕಟ್ಟೆಯ ಮೇಲಿಟ್ಟು, 'ಬೇರ್ ಸಮೇತ ಬಂದಿದೆ ನೋಡ್ರಪ್ಪ' ಎಂದೆ. ನಾಲ್ಕು ಜನ ನಿನ್ನಿಂದ ಡಬ್ಬಿ ತರಿಸಿಕೊಂಡರು.

ನನ್ನನ್ನೂ ಬಿಡುವುದಿಲ್ಲ. ಆ ಗಾಯಕ್ಕೆ ಪಟ್ಟಿ ಕಟ್ಟಿದವಳು ನಾನು. ಮೇಲೆ ನುಣುಪಾದ ಚರ್ಮ ಮುಚ್ಚಿಕೊಂಡದ್ದನ್ನು ಕಂಡು, ಇವನು ಹೇಳಿದ್ದೇ ನಿಜವಿರಬಹುದೇ ಎಂದುಕೊಂಡೆ. ಮತ್ತೊಮ್ಮೆ ಪರೀಕ್ಷೆ ಮಾಡಿಸೋಣ ಎಂಬ ಮಾತು ಎಷ್ಟೋ ಸಲ ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. ನಿನ್ನೊಡನೆ ಮತ್ತೆ ಜಗಳವಾಗಬಾರದೆಂದೋ, ಅಮ್ಮ ಅಷ್ಟು ಖುಷಿಯಾಗಿದ್ದಳೆಂದೋ, ನನಗೆ ಈಗಲೂ ತಿಳಿಯದು. ಎರಡು ವರ್ಷ ಅದು ಆ ನುಣುಪಿನ ಅಡಿಯಲ್ಲಿ ತಣ್ಣಗೆ ಮೇಯುತ್ತಿತ್ತು.

ಅದು ಮತ್ತೆ ತಲೆ ಎತ್ತಿ, ಟೌನ್ಸ್‌ವಿಲ್‌ನಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ಒಂದು ದಿನ ಬಟ್ಟೆ ಒಗೆಯುವ ಕೋಣೆಯ ಮಾಡದಲ್ಲಿ ಆ ಜಾಡಿ ಸಿಕ್ಕಿತು. ಅಮ್ಮ ಜೋಪಾನವಾಗಿ ಇಟ್ಟಿದ್ದಳು. ನಾನು ಕೇಳದೆ ಅದನ್ನು ಎತ್ತಿಕೊಂಡು ಹೋಗಿ ಪರೀಕ್ಷೆಗೆ ಕಳಿಸಿದೆ. ವರದಿಯ ಪ್ರತಿ ಈ ಲಕೋಟೆಯಲ್ಲಿದೆ. ಓದಲು ಬೇಜಾರಾದರೆ ನಾನೇ ಹೇಳುತ್ತೇನೆ: ಸುಟ್ಟ ಚರ್ಮ, ಒಂದಿಷ್ಟು ಆರೋಗ್ಯವಾದ ಮೃದು ಎಲುಬು, ಒಂದು ಅಂಚಿನಲ್ಲಿ ಮಾತ್ರ ಕ್ಯಾನ್ಸರ್. ಬೇರು ಎಂದು ನೀನು ಕ್ಲಬ್ಬಿನಲ್ಲಿ ಮೆರೆಸಿದ್ದು ಅಮ್ಮನ ಒಳ್ಳೆಯ ಮೂಗು, ಕೀರನ್. ಬೇರು ಅವಳ ಮುಖದಲ್ಲೇ ಉಳಿದಿತ್ತು.

ಜಾಡಿಯನ್ನೂ ಕಳಿಸಬೇಕೆಂದಿದ್ದೆ. ಸ್ಪಿರಿಟ್ ಇದೆಯೆಂದು ಅಂಚೆಯವರು ತೆಗೆದುಕೊಳ್ಳಲಿಲ್ಲ. ಆ ನಾಲ್ವರ ಮನೆಗೂ ನಾನೇ ವರದಿ ಹಿಡಿದು ಹೋಗಿಬಂದೆ. ಮೂವರು ತೋರಿಸಿಕೊಳ್ಳಲು ಬಂದರು, ಒಬ್ಬರು ಬಾಗಿಲು ಹಾಕಿಕೊಂಡರು. ಕ್ಲಬ್ಬಿನಲ್ಲಿ ನಿನ್ನ ಹೆಸರು ಈಗ ಹೇಗೆ ಬರುತ್ತದೆ ಎಂದು ಬರೆಯುವುದಿಲ್ಲ. ಅದನ್ನು ಕೇಳಿ ನನಗೆ ಸಮಾಧಾನವಾಯಿತು ಎಂಬುದನ್ನು ಮಾತ್ರ ಬಚ್ಚಿಡುವುದಿಲ್ಲ.

ನೀರು ಹೆಚ್ಚು ಕುಡಿ, ನೆರಳಲ್ಲಿ ನಡೆ. ಒಳ್ಳೆಯದಾಗಲಿ ಎಂದು ಹಾರೈಸಲು ಈ ಹೊತ್ತು ಬಾಯಿ ಬರುತ್ತಿಲ್ಲ. ಆದರೂ ಆಗಲಿ.

ನಿನ್ನ ಅಕ್ಕ,
ನರೆಲ್

ಮ.ವಿ.: ಕ್ರಿಸ್‌ಮಸ್ಸಿಗೆ ನೀನು ಮೀನು ಎತ್ತಿ ಹಿಡಿದ ಫೋಟೋ ಕಳಿಸಿದ್ದೆಯಲ್ಲ, ಅದರಲ್ಲಿ ನಿನ್ನ ಎಡಗಿವಿಯ ಮೇಲಂಚಿನಲ್ಲಿ ಚಿಕ್ಕ ಕೊಂಬಿನ ಹಾಗೆ ಒಂದು ಒರಟು ಗಂಟಿದೆ. ಅದು ಏನಿರಬಹುದೆಂದು ಲಕೋಟೆ ಒಡೆದ ದಿನವೇ ನನಗೆ ಅನಿಸಿತು. ನನ್ನ ಊಹೆ ಸರಿಯಿದ್ದರೆ ಅದು ಅಮ್ಮನ ಮೂಗಿನದಕ್ಕಿಂತ ಕೆಟ್ಟ ಜಾತಿಯ ಕ್ಯಾನ್ಸರ್, ಕತ್ತಿನ ದುಗ್ಧಗ್ರಂಥಿಗಳಿಗೆ ಇಳಿಯಬಲ್ಲದು. ಆದರೂ ಹತ್ತು ವಾರ ಫೋಟೋವನ್ನು ಫ್ರಿಜ್ಜಿಗೆ ಅಂಟಿಸಿ ದಿನಾ ನೋಡುತ್ತಾ ಸುಮ್ಮನಿದ್ದೆ. ಅದಕ್ಕೆ ಕ್ಷಮೆ ಕೇಳುತ್ತಿಲ್ಲ, ಲೆಕ್ಕದಲ್ಲಿರಲಿ. ಏನನ್ನೂ ಹಚ್ಚಬೇಡ. ರಜೆ ಹಾಕಿ ಊರಿಗೆ ಬಾ. ಇದೇ ತಿಂಗಳ ಇಪ್ಪತ್ತನೇ ತಾರೀಖು, ಗುರುವಾರ, ಹತ್ತು ನಲವತ್ತಕ್ಕೆ ಡಾಕ್ಟರ್ ವಿಜೆಸಿಂಘೆ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ಕಿವಿ ಕತ್ತರಿಸಿಕೊಂಡವರು ತಾವೇ ಕಾರು ಓಡಿಸಬಾರದು, ಮನೆಯವರೊಬ್ಬರು ಜೊತೆಗಿದ್ದು ಕರೆದೊಯ್ಯಬೇಕು, ನಮ್ಮಲ್ಲಿ ಅದು ನಿಯಮ. ನನಗೆ ಅವತ್ತು ಕೆಲಸ, ಹಾಗಾಗಿ ಅಮ್ಮನ ಹೆಸರು ಕೊಟ್ಟೆ. ನಿನ್ನೆ ಅವಳಿಗೆ ಎಲ್ಲ ಹೇಳಿದೆ, ಜಾಡಿಯದನ್ನೂ. ಎದ್ದು ಹೋಗಿ ಮಾವಿನ ಮರಕ್ಕೆ ನೀರು ಬಿಟ್ಟು ಬಂದಳು. ಆಮೇಲೆ ಹೇಳಿದ್ದು ಇಷ್ಟೇ: 'ಸೂಜಿ ಅಂದ್ರೆ ಹೆದರ್ತಾನೆ ಅವ್ನು, ಕೈ ಹಿಡ್ಕೊಂಡು ಎದುರಿಗೇ ಕೂತ್ಕೋತೀನಿ. ಟೋಪಿ ಮನೇಲೇ ಇರ್ಲಿ.'